ನೀಲಕ್ಕನನ್ನು ಗುಂಪಿನಿಂದ ತೆಗೆದದ್ದು

ಬಾಳೆಹೊನ್ನೂರಿನಲ್ಲಿ ಅವರನ್ನು ನೀಲಾಂಬಿಕೆ ಎಂದು ಪೂರ್ತಿ ಹೆಸರು ಹಿಡಿದು ಕರೆಯುತ್ತಿದ್ದವರು ಅಂಚೆಯಣ್ಣ ಒಬ್ಬರೇ ಇರಬೇಕು. ಉಳಿದವರಿಗೆಲ್ಲ ಅವರು ಟೈಲರಮ್ಮ. ಅರವತ್ತೆರಡು ವರ್ಷ, ಮದುವೆಯಾಗಿರಲಿಲ್ಲ, ಎಸ್ಸೆಸ್ಸೆಲ್ಸಿಗೆ ಓದು ನಿಂತಿತ್ತು. ಅಣ್ಣ ಮರುಳಸಿದ್ದಪ್ಪನವರ ದಿನಸಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಮೂವತ್ತೈದು ವರ್ಷ ಊರಿನ ಹೆಂಗಸರಿಗೆಲ್ಲ ರವಿಕೆ ಹೊಲಿದಿದ್ದರು.

ಚಿಕ್ಕಂದಿನಲ್ಲಿ ಅಂಗಡಿಯ ಪೊಟ್ಟಣ ಕಟ್ಟಲು ತಂದ ಹಳೇ ಪೇಪರಿನಲ್ಲಿ ಪದಬಂಧ ಬಿಡಿಸುವುದನ್ನು ಅವರು ತಾವೇ ಕಲಿತರು. ಹಾಳೆ ಅರ್ಧಕ್ಕೆ ಹರಿದಿದ್ದರೆ ಹೋದ ಭಾಗದ ಸುಳಿವುಗಳನ್ನೂ ತಾವೇ ಬರೆದುಕೊಳ್ಳುತ್ತಿದ್ದರಂತೆ.

ನನಗೆ ಅವರ ಪರಿಚಯವಾದದ್ದು ಮೂರು ವರ್ಷದ ಹಿಂದೆ. ಕೊಪ್ಪಕ್ಕೆ ಕಣ್ಣು ತೋರಿಸಲು ಬಂದವರು ಬಾಳಗಡಿಯಲ್ಲಿರುವ ನನ್ನ ಜೆರಾಕ್ಸ್ ಅಂಗಡಿಗೆ ಆಧಾರ್ ಪ್ರತಿ ತೆಗೆಸಲು ಬಂದರು. ಗಲ್ಲಾದ ಮೇಲೆ ನಾನು ಅರ್ಧ ತುಂಬಿಟ್ಟ ಪದಬಂಧವಿತ್ತು. 'ಹರಿದರೂ ಹೊಲಿಯುವವರಿಲ್ಲ' ಎಂಬ ಸುಳಿವಿಗೆ ನಾನು 'ಹೊಳೆ' ಎಂದು ಬರೆದಿದ್ದೆ. ಅವರು ಆ ಕಡೆಯಿಂದ ತಲೆಕೆಳಗಾಗಿ ಓದಿದರು.

"ಹೊಳೆ ಅಲ್ಲಮ್ಮ, ನದಿ. ಮೇಲಿಂದ ಇಳಿಯೋ ಪದ 'ದಿ'ಗೆ ಮುಗಿತದೆ ನೋಡು."

ಆವತ್ತೇ ಅವರ ಫೋನಿನಲ್ಲಿ ನಮ್ಮ ಆನ್‌ಲೈನ್ ಪದಬಂಧದ ಗುಂಪಿಗೆ ಅವರನ್ನು ಸೇರಿಸಿದೆ. ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಗುಂಪಿನಲ್ಲಿ ಹೊಸ ಪದಬಂಧ ಬರುತ್ತದೆ. ನಾಲ್ಕು ಸಾವಿರ ಜನ ಒಟ್ಟಿಗೆ ಬಿಡಿಸುತ್ತಾರೆ. ಹನ್ನೊಂದಕ್ಕೆ ಮೊದಲ ಹತ್ತು ಜನರ ಹೆಸರು ಪ್ರಕಟವಾಗುತ್ತದೆ. ಮೂರನೇ ವಾರಕ್ಕೇ 'ನೀಲಾಂಬಿಕೆ, ಬಾಳೆಹೊನ್ನೂರು' ಎಂಬ ಹೆಸರು ಅಲ್ಲಿತ್ತು. ಆಮೇಲೆ ಅದು ಅಲ್ಲಿಂದ ಇಳಿಯಲೇ ಇಲ್ಲ. ಬೀದರಿನವರು, ಮುಂಬೈಯವರು ಎಲ್ಲರೂ ಅವರನ್ನು ನೀಲಕ್ಕ ಎಂದು ಕರೆಯತೊಡಗಿದರು. "ಭಾನುವಾರ ಹತ್ತು ಗಂಟೆಗೆ ಯಾರೂ ಅಳತೆ ಕೊಡೋಕೆ ಬರಬೇಡಿ ಅಂತ ಬೋರ್ಡ್ ಹಾಕಿದೀನಿ ಕಣೇ" ಎಂದು ಒಮ್ಮೆ ಹೇಳಿ ನಾಚಿಕೊಂಡಿದ್ದರು.

ನಾನು ಆ ಗುಂಪಿನ ಮಾಡರೇಟರ್. ಒಟ್ಟು ನಾಲ್ವರಿದ್ದೆವು. ನಮ್ಮ ಮೇಲೆ ಅಡ್ಮಿನ್ ಸುದರ್ಶನ ಅವರು, ಶೃಂಗೇರಿಯವರು, ಬ್ಯಾಂಕಿನಿಂದ ನಿವೃತ್ತರಾದವರು. ಗುಂಪು ಕಟ್ಟಿದ್ದು, ಪದಬಂಧ ರಚಿಸುವುದು, ನಿಯಮ ಮಾಡುವುದು ಎಲ್ಲ ಅವರೇ. ಯಾರನ್ನಾದರೂ ತೆಗೆಯಬೇಕೆಂದರೆ ಅವರು ಹೇಳುತ್ತಿದ್ದರು, ನಾವು ಗುಂಡಿ ಒತ್ತುತ್ತಿದ್ದೆವು. ಯಾಕೆಂದು ಕೇಳುವ ಪದ್ಧತಿ ಇರಲಿಲ್ಲ. ತೆಗೆಸಿಕೊಂಡವರು ಕೇಳಲು ಜಾಗವೂ ಇರಲಿಲ್ಲ. ನನಗೂ ಅದು ತಪ್ಪೆನಿಸಿರಲಿಲ್ಲ. ನಿಜ ಹೇಳಬೇಕೆಂದರೆ, ಹೆಸರಿನ ಪಕ್ಕದಲ್ಲಿ ಮಾಡರೇಟರ್ ಎಂಬ ಗುರುತಿರುವುದು ನನಗೆ ಹೆಮ್ಮೆಯಾಗಿತ್ತು.

ಕಳೆದ ಆಗಸ್ಟಿನ ಒಂದು ಭಾನುವಾರ ಮಧ್ಯಾಹ್ನ ಸುದರ್ಶನ ಅವರ ಫೋನು ಬಂತು.

"ರಮ್ಯಶ್ರೀಯವರೇ, ಉತ್ತರಗಳು ಮೊದಲೇ ಸೋರಿವೆ. ನಾವು ಐದು ಜನ ಮಾತ್ರ ಶನಿವಾರ ನೋಡೋದು. ನಿಮ್ಮ ಬಾಳೆಹೊನ್ನೂರಿನ ಹೆಂಗಸು ಇವತ್ತು ಆರೇ ನಿಮಿಷಕ್ಕೆ ಮುಗಿಸಿದ್ದಾರೆ. ನಿಮಗೂ ಅವರಿಗೂ ಸ್ನೇಹ ಅಂತ ಎಲ್ಲರಿಗೂ ಗೊತ್ತು."

"ಸರ್, ನಾನು ಕೊಟ್ಟಿಲ್ಲ. ಅವರು ಬಿಡಿಸೋದೇ ಹಾಗೆ, ನಾನೇ ಎದುರು ಕೂತು ನೋಡಿದೀನಿ."

"ನಿಮ್ಮ ಮೇಲೆ ನನಗೆ ಅನುಮಾನ ಇಲ್ಲ. ಅದಕ್ಕೇ ಅವರನ್ನು ನೀವೇ ತೆಗೀರಿ. ಆಗ ಬೇರೆಯವರಿಗೂ ಅನುಮಾನ ಉಳಿಯಲ್ಲ."

ಆ ಮಾತಿನ ಒಳಗಿದ್ದ ಬೆದರಿಕೆ ನನಗೆ ಅರ್ಥವಾಯಿತು. ಸಿಂಕಿನ ಹತ್ತಿರ ನಿಂತು, ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು, ನೀಲಕ್ಕನ ಹೆಸರು ಹುಡುಕಿ ಒತ್ತಿದೆ. ಎರಡು ನಿಮಿಷ ಹಿಡಿಯಲಿಲ್ಲ.

ಮಂಗಳವಾರ ಬೆಳಿಗ್ಗೆ ಅವರು ಬಸ್ಸಿನಲ್ಲಿ ಬಾಳಗಡಿಗೆ ಬಂದರು. ಅಂಗಡಿಯ ಸ್ಟೂಲಿನ ಮೇಲೆ ಕೂತು, ಕರವಸ್ತ್ರದಲ್ಲಿ ಸುತ್ತಿದ್ದ ಫೋನನ್ನು ಬಿಚ್ಚಿ ನನ್ನ ಮುಂದಿಟ್ಟರು.

"ಇದಕ್ಕೆ ಎಂತದೋ ಆಗಿದೆ ನೋಡೇ ರಮ್ಯಾ. ಗುಂಪೇ ಕಾಣ್ತಿಲ್ಲ. ಕನ್ನಡಕ ಇಲ್ದೆ ನಾನೇ ಎಲ್ಲೋ ಒತ್ತಿಬಿಟ್ಟೆನೋ ಏನೋ."

ಫೋನು ತೆಗೆದುಕೊಂಡೆ. ಅದರಲ್ಲಿ ಏನನ್ನೋ ಹುಡುಕುವವಳಂತೆ ಬೆರಳಾಡಿಸಿದೆ. ಒಮ್ಮೆ ಆಫ್ ಮಾಡಿ ಆನ್ ಮಾಡಿದೆ. ಅವರು ಕತ್ತು ಮುಂದೆ ಚಾಚಿ ನೋಡುತ್ತಿದ್ದರು.

"ಸರ್ವರ್ ಸಮಸ್ಯೆ ನೀಲಕ್ಕ. ಸುಮಾರು ಜನರಿಗೆ ಹೀಗೇ ಆಗಿದೆ."

"ಹಂಗಾದ್ರೆ ಸೈ ಬಿಡು. ನಂದೊಂದೇ ಅಲ್ವಲ್ಲ" ಎಂದು ನಿಟ್ಟುಸಿರುಬಿಟ್ಟರು. ನನ್ನ ಮಗಳು ಅಪೇಕ್ಷಾಳಿಗೆ ಹೊಲಿದು ತಂದಿದ್ದ ಲಂಗವನ್ನು ಕೊಟ್ಟು, ಹನ್ನೊಂದೂವರೆಯ ಬಸ್ಸಿಗೆ ಹೊರಟರು.

ಅದೇ ಸಂಜೆ ಸುದರ್ಶನ ಅವರು ಗುಂಪಿನ ನೆತ್ತಿಯ ಮೇಲೆ ಒಂದು ಪ್ರಕಟಣೆ ಅಂಟಿಸಿದರು: 'ಅಕ್ರಮವೆಸಗಿ ಹೊರಹಾಕಲ್ಪಟ್ಟವರು.' ಅದರ ಕೆಳಗೆ ಒಂದೇ ಹೆಸರು, ಊರಿನ ಸಮೇತ.

ಮರುಳಸಿದ್ದಪ್ಪನವರ ಸೊಸೆ ತನ್ಮಯಿಯೂ ಗುಂಪಿನಲ್ಲಿದ್ದಳು. ಅವಳು ಕಂಡು ಮನೆಯವರಿಗೆ ತೋರಿಸಿದಳು. "ಈ ವಯಸ್ಸಲ್ಲಿ ಕಾಪಿ ಹೊಡೆಯೋದೇನೇ!" ಎಂದು ಅಣ್ಣ ನಕ್ಕರಂತೆ. ಅವರಿಗೆ ಅದು ತಮಾಷೆ. ಆದರೆ ಮಾತು ಅಂಗಡಿಯಿಂದ ಬೀದಿಗೆ ಹೋಯಿತು. ರವಿಕೆಯ ಅಳತೆ ಕೊಡಲು ಬಂದ ಹೆಂಗಸೊಬ್ಬಳು, ಕೈ ಎತ್ತಿ ನಿಂತವಳು, "ಪೇಪರ್ ಲೀಕ್ ಮಾಡಿದ್ದು ನೀವಂತೆ ಹೌದಾ?" ಎಂದು ಕೇಳಿದಳಂತೆ. ನೀಲಕ್ಕ ಟೇಪು ಅಲ್ಲೇ ಬಿಟ್ಟು ಒಳಗೆ ಹೋದರು. ಇದನ್ನೆಲ್ಲ ತನ್ಮಯಿ ನನಗೆ ಆಮೇಲೆ ಹೇಳಿದಳು. ನೀಲಕ್ಕ ನನಗೆ ಫೋನು ಮಾಡಲಿಲ್ಲ. ನಾನೂ ಮಾಡಲಿಲ್ಲ.

ಇಪ್ಪತ್ತು ದಿನ ಕಳೆದ ಮೇಲೆ ನಾನು ಆ ಭಾನುವಾರ ಬಂದ ಉತ್ತರಗಳನ್ನು ತೆರೆದು ಕೂತೆ. ಮಾಡರೇಟರುಗಳಿಗೆ ಅವು ಕಾಣುತ್ತವೆ. ಮೊದಲ ದಿನವೇ ನೋಡಬಹುದಿತ್ತು. ಶನಿವಾರದ ಕರಡಿನಲ್ಲಿ ಆರನೇ ಸುಳಿವು 'ಉಸುಕು' ಎಂದಿತ್ತು, ಉತ್ತರ 'ಮಳಲು'. 'ಮರಳು' ಎಂದರೂ ಸರಿಹೋಗುತ್ತದಲ್ಲ ಎಂದು ನಮ್ಮಲ್ಲೊಬ್ಬರು ಆಕ್ಷೇಪಿಸಿದ್ದರಿಂದ ಭಾನುವಾರ ಬೆಳಿಗ್ಗೆ ಸುದರ್ಶನ ಅವರು ಸುಳಿವನ್ನು 'ಅಂಗಡಿ' ಎಂದೂ ಉತ್ತರವನ್ನು 'ಮಳಿಗೆ' ಎಂದೂ ಬದಲಿಸಿದ್ದರು. ನೀಲಕ್ಕ 'ಮಳಿಗೆ' ಎಂದೇ ಬರೆದಿದ್ದರು. ಬಿಡಿಸಿದವರಲ್ಲಿ ಐದು ಜನ ಮಾತ್ರ 'ಅಂಗಡಿ' ಎಂಬ ಸುಳಿವಿಗೆ 'ಮಳಲು' ಎಂದು ಬರೆದಿದ್ದರು. ಹಳೆಯ ಉತ್ತರ ಕೈಯಲ್ಲಿದ್ದವರಿಗಲ್ಲದೆ ಬೇರೆಯವರಿಗೆ ಹಾಗೆ ಬರೆಯಲು ಸಾಧ್ಯವೇ ಇರಲಿಲ್ಲ. ಆ ಐವರಲ್ಲಿ ಇಬ್ಬರು ಸುದರ್ಶನ ಅವರ ತಂಗಿಯ ಮಕ್ಕಳು. ಇಷ್ಟು ಕಂಡುಹಿಡಿಯಲು ನನಗೆ ಅರ್ಧ ಗಂಟೆ ಸಾಕಾಯಿತು.

ಸುದರ್ಶನ ಅವರಿಗೆ ಫೋನು ಮಾಡಿ ಎಲ್ಲ ಹೇಳಿದೆ.

"ಆಯ್ತು, ತಪ್ಪಾಗಿದೆ ಅಂತಲೇ ಇಟ್ಕೊಳ್ಳಿ. ಹೆಸರು ತೆಗೀತೀನಿ. ಅವರನ್ನ ಸುಮ್ಮನೆ ವಾಪಸ್ ಸೇರಿಸಿಕೊಳ್ಳಿ. ಪ್ರಕಟಣೆ ಎಲ್ಲ ಬೇಡ."

"ಕಳ್ಳಿ ಅಂದಿದ್ದು ನಾಲ್ಕು ಸಾವಿರ ಜನರ ಎದುರಿಗೆ ಸರ್. ಅಲ್ಲ ಅನ್ನೋದನ್ನ ಯಾರಿಗೂ ಗೊತ್ತಾಗದ ಹಾಗೆ ಹೇಳೋದಾ?"

"ಅಡ್ಮಿನ್ನೇ ತಪ್ಪು ಮಾಡ್ತಾನೆ ಅಂತಾದ್ರೆ ನಾಳೆ ನನ್ನ ಮಾತು ಯಾರು ಕೇಳ್ತಾರೆ?"

"ಹಾಗಾದ್ರೆ ನಿಮ್ಮನ್ನ ಕೇಳೋರು ಯಾರು ಸರ್?"

"ಗುಂಪು ಕಟ್ಟಿದ್ದು ನಾನು ರಮ್ಯಶ್ರೀಯವರೇ" ಎಂದರು, ಸ್ವಲ್ಪವೂ ದನಿ ಏರಿಸದೆ.

ಮುಂದಿನ ಭಾನುವಾರ ಹತ್ತಕ್ಕೆ ಐದು ನಿಮಿಷ ಇರುವಾಗ, ಎಲ್ಲರೂ ಕಾದು ಕೂತಿರುವ ಹೊತ್ತಿಗೆ, ನಡೆದದ್ದನ್ನು ಗುಂಪಿನಲ್ಲಿ ಬರೆದು ಹಾಕಿದೆ. ನೀಲಾಂಬಿಕೆಯವರು ತಪ್ಪು ಮಾಡಿಲ್ಲ, ವಿಚಾರಿಸದೆ ಅವರನ್ನು ತೆಗೆದವಳು ನಾನೇ ಎಂದು ಹೆಸರು ಹಾಕಿದೆ. ನಾಲ್ಕೇ ನಿಮಿಷದಲ್ಲಿ ಅದು ಅಳಿಸಿಹೋಯಿತು. ಹತ್ತು ಗಂಟೆಗೆ ಪದಬಂಧ ಬಂತೋ ಇಲ್ಲವೋ ನನಗೆ ಗೊತ್ತಿಲ್ಲ. ಅಷ್ಟರಲ್ಲಿ ನಾನೂ ಗುಂಪಿನಲ್ಲಿರಲಿಲ್ಲ. ಅಷ್ಟು ಹೊತ್ತಿನಲ್ಲಿ ಓದಿದ ಹನ್ನೊಂದು ಜನ ನನಗೊಬ್ಬಳಿಗೇ ಬರೆದು "ಹೌದಾ ಮೇಡಂ? ಪಾಪ" ಎಂದರು. ಗುಂಪಿನಲ್ಲಿ ಬಾಯಿ ತೆರೆದವರು ಒಬ್ಬರೂ ಇಲ್ಲವೆಂದು ತನ್ಮಯಿ ಹೇಳಿದಳು. ಅವರನ್ನು ಅನ್ನಲು ನನಗೆ ಮುಖವಿರಲಿಲ್ಲ.

ಆವತ್ತೇ ಅಂಗಡಿ ಮುಚ್ಚಿ ಬಾಳೆಹೊನ್ನೂರಿಗೆ ಹೋದೆ. ನೀಲಕ್ಕ ಹಸಿರು ರವಿಕೆಯೊಂದಕ್ಕೆ ತೋಳು ಕೂಡಿಸುತ್ತಿದ್ದರು. ನನ್ನನ್ನು ಕಂಡು ಮುಖ ಅರಳಿತು. "ಬಾರೇ. ನೀನಾದ್ರೂ ಬಂದ್ಯಲ್ಲ" ಎಂದರು. ನಾನು ನಿಂತೇ ಎಲ್ಲ ಹೇಳಿದೆ. 'ಮಳಲು', 'ಮಳಿಗೆ', ಸುದರ್ಶನ ಅವರ ಫೋನು, ನನ್ನ ಬೆರಳು. ಅವರು ಹೊಲಿಗೆಯ ಸಾಲು ಮುಗಿಯುವ ತನಕ ಯಂತ್ರ ನಿಲ್ಲಿಸಲಿಲ್ಲ.

"ನನ್ನ ತೆಗೆದಿದ್ದು ಅವರಲ್ವಾ? ನೀನಾ?"

"ನಾನೇ ನೀಲಕ್ಕ."

"ಫೋನು ಹಿಡ್ಕೊಂಡು ನಿನ್ನ ಅಂಗಡಿಗೆ ಬಂದಿದ್ನಲ್ಲ. ಆವಾಗ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಮನೆಗೆ ಬಂದು ಎಲ್ಲರಿಗೂ ಹೇಳ್ದೆ ಕಣೇ, ಸರ್ವರ್ ಅಂತೆ, ಸುಮಾರು ಜನಕ್ಕೆ ಹಿಂಗಾಗಿದೆಯಂತೆ ಅಂತ." ಅವರ ದನಿ ತೀರ ತಗ್ಗಿತ್ತು. "ಆ ಮನುಷ್ಯ ನನ್ನ ಕಂಡವನಲ್ಲ. ಕಾಣದವರು ಎಂತ ಬೇಕಾದ್ರೂ ಅಂದ್ಕೊಳ್ಳಲಿ ಮಾರಾಯ್ತಿ. ನೀನು ಕಂಡಿದ್ದೆ."

ನಾನು ಅತ್ತೆ. ಅವರು ಅಳಲಿಲ್ಲ. ಅಣ್ಣನನ್ನೂ ತನ್ಮಯಿಯನ್ನೂ ಕರೆಯಿರಿ, ಅವರ ಎದುರಿಗೂ ಹೇಳುತ್ತೇನೆ ಎಂದೆ. ಕರೆದರು. ಹೇಳಿದೆ. ಮರುಳಸಿದ್ದಪ್ಪನವರು ತಂಗಿಯ ಕಡೆ ನೋಡಲಾಗದೆ, "ನಾನು ತಮಾಷೆಗೆ ಅಂದಿದ್ದು ಕಣೇ ನೀಲಾ" ಎಂದು ಎರಡು ಸಲ ಹೇಳಿದರು. ನೀಲಕ್ಕ ಒಳಗೆ ಹೋಗಿ ಕಾಫಿ ಮಾಡಿ ತಂದರು. ಎಲ್ಲರೂ ಕುಡಿದೆವು. ನಾನು ಹೊರಟಾಗ ಅವರು ಯಂತ್ರದ ಮುಂದಿನಿಂದ ಏಳಲಿಲ್ಲ.

ಗುಂಪಿನಲ್ಲಿ ಈಗ ಆರು ಸಾವಿರ ಜನರಿದ್ದಾರಂತೆ. ಪ್ರಕಟಣೆಯಿಂದ ನೀಲಕ್ಕನ ಹೆಸರು ಹೋಗಿದೆ; ಬೇರೆ ಹೆಸರುಗಳು ಬಂದಿವೆ, ಯಾಕೆಂದು ಯಾರಿಗೂ ಗೊತ್ತಿಲ್ಲ. ಹೊರಬಿದ್ದ ಕೆಲವರು ಸೇರಿ, ಅಡ್ಮಿನ್ನನ್ನೂ ಪ್ರಶ್ನಿಸಬಹುದು ಎಂಬ ನಿಯಮ ಇಟ್ಟುಕೊಂಡು ಇನ್ನೊಂದು ಗುಂಪು ಮಾಡಿದೆವು. ನೀಲಕ್ಕನನ್ನು ಕರೆದೆವು. ತನಗೆ ಈಗ ಕಣ್ಣು ಸರಿಯಿಲ್ಲ ಎಂದು ತನ್ಮಯಿಯ ಕೈಯಲ್ಲಿ ಹೇಳಿಸಿದರು. ಅವರು ಹೊಲಿಯುವುದನ್ನೇನೂ ಬಿಟ್ಟಿರಲಿಲ್ಲ.

ಕಳೆದ ತಿಂಗಳು ನರಸಿಂಹರಾಜಪುರದಲ್ಲಿ ಒಂದು ಮದುವೆಯ ಊಟದ ಸಾಲಿನಲ್ಲಿ ಇಬ್ಬರೂ ಎದುರುಬದುರಾದೆವು. ನಾನು ಮಾತಾಡಲು ಬಾಯಿ ತೆರೆಯುವ ಮೊದಲೇ ಅವರು ಸೆರಗು ಸರಿಮಾಡಿಕೊಂಡು, ತುಂಬ ಮರ್ಯಾದೆಯಿಂದ ಕೇಳಿದರು:

"ಚೆನ್ನಾಗಿದ್ದೀರಾ ರಮ್ಯಶ್ರೀಯವರೇ? ನಿಮ್ಮ ಊಟ ಆಯ್ತಾ?"

ಆಯಿತು ಎಂದೆ. ಇನ್ನೂ ಆಗಿರಲಿಲ್ಲ.