ನಮ್ಮವರು ಕಲಿತ ಜಪಾನಿ ಹಾಡು

ಲಾಸ್ ಏಂಜಲೀಸಿನಲ್ಲಿ ದೊಡ್ಡ ಭೂಕಂಪ ಆದ ಮರುವರ್ಷ. ಅದರ ಪಕ್ಕ ಸೆರಿಟೋಸಿನಲ್ಲಿ ಮಗಳ ಮನೆ. ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದೆ. ಮರದ ಬೇಲಿಯ ಆಚೆಯಿಂದ ನನ್ನ ಗಂಡನ ದನಿ ಕೇಳಿತು. ಹಾಡುತ್ತಿದ್ದರು, ಅದೂ ಜಪಾನಿ ಭಾಷೆಯಲ್ಲಿ. ನನ್ನ ಕೈಯಲ್ಲಿದ್ದ ಒದ್ದೆ ಪಂಚೆ ಹುಲ್ಲಿನ ಮೇಲೆ ಬಿತ್ತು. ಅದೂ ಅವರದ್ದೇ ಪಂಚೆ.

ಬೇಲಿಯ ಸಂದಿಯಲ್ಲಿ ಇಣುಕಿದೆ. ಪಕ್ಕದ ಮನೆಯ ಗ್ಯಾರೇಜಿನ ಬಾಗಿಲು ತೆರೆದಿತ್ತು. ಒಳಗೆ ಆ ಮನೆಯ ಜಪಾನಿ ಮುದುಕ ಮತ್ತು ನಮ್ಮವರು, ಇಬ್ಬರ ಕೈಯಲ್ಲೂ ಒಂದೊಂದು ಮೈಕು. ಎದುರಿಗೆ ಟೀವಿ. ದೋಸೆ ಕಾವಲಿಯಷ್ಟು ಅಗಲದ ಹೊಳೆಯುವ ತಟ್ಟೆಯೊಂದನ್ನು ಪೆಟ್ಟಿಗೆಗೆ ಹಾಕಿದರೆ ಸಂಗೀತ ಬರುತ್ತಿತ್ತು, ಮಾತು ಇವರು ಹಾಡಬೇಕು. ಉಡುಪಿಯಲ್ಲಿ ಇದ್ದಷ್ಟು ದಿನ ಭಜನೆ ಬಿಟ್ಟು ಬೇರೆ ಯಾವುದಕ್ಕೂ ಬಾಯಿ ತೆರೆಯದ ಮನುಷ್ಯ ಕಣ್ಣು ಮುಚ್ಚಿ, ಕತ್ತು ಓರೆ ಮಾಡಿ, ದನಿ ನಡುಗಿಸುತ್ತಿದ್ದರು.

ಊಟಕ್ಕೆ ಬಂದಾಗ ಕೇಳಿಯೇಬಿಟ್ಟೆ.

"ಎಂಥದು ಅದು? ಮದ್ದು ಜಾಸ್ತಿ ತಗೊಂಡ್ರಾ?"

"ಪದ್ಯ ಮಾರಾಯ್ತಿ. ಇಬ್ಬರು ಗಂಡಸರು ಹಾಡುವಂಥದ್ದು. ಅವನಿಗೆ ಜೊತೆಗೆ ಒಬ್ಬ ಬೇಕಂತೆ."

"ಅರ್ಥ ಗೊತ್ತುಂಟಾ ನಿಮಗೆ?"

"ಮಗಳು ಕೇಳಿ ಹೇಳಿದಳು. ಹಡಗಿನಲ್ಲಿ ಹೋಗುವವ ಒಬ್ಬ. ಬಂದರಿನ ದಕ್ಕೆಯಲ್ಲಿ ಕಾಯುವ ಹೆಂಗಸು ಒಬ್ಬಳು."

"ನಿಮ್ಮದು ಯಾವುದು?"

ಅವರು ಅನ್ನಕ್ಕೆ ಸಾರು ಹಾಕಿಕೊಂಡರು. "ಹೆಂಗಸಿನದ್ದು."

ಯಕ್ಷಗಾನದಲ್ಲಿ ಗಂಡಸರು ಹೆಣ್ಣು ವೇಷ ಹಾಕುವುದನ್ನು ನೋಡಿದವಳು ನಾನು. ಅವರು ಸೀರೆಯನ್ನಾದರೂ ಉಡುತ್ತಿದ್ದರು. ಇಲ್ಲಿ ಪ್ಯಾಂಟು, ಸ್ವೆಟರು ಹಾಕಿದ ಮುದುಕ 'ನೀನು ಹೋದರೆ ನನಗೆ ಯಾರು' ಎಂದು ಇನ್ನೊಬ್ಬ ಮುದುಕನಿಗೆ ಹಾಡುವುದು. ಜಪಾನಿಯರಲ್ಲಿ ಅದು ಹಳೆಯ ಪದ್ಧತಿಯಂತೆ, ಯಾರೂ ನಗುವುದಿಲ್ಲವಂತೆ.

ಮುದುಕ ಬೇರೆಯವರ ಮನೆಯ ಹುಲ್ಲು ಕತ್ತರಿಸಿ, ಗಿಡ ಸವರಿ ಬದುಕಿದವ. ಹೆಂಡತಿ ಸತ್ತಿದ್ದಳು. ಬೇಲಿಯ ಮೇಲಿನಿಂದ ತನ್ನ ಮರದ ಹಣ್ಣು ಕೊಡುತ್ತಿದ್ದ, ನಾನು ನೀರುದೋಸೆ ಕೊಡುತ್ತಿದ್ದೆ. ಅವನಿಗೆ ಒಬ್ಬ ಅಣ್ಣ ಇದ್ದಾನೆ, ಸ್ಯಾನ್ ಡಿಯೇಗೋದಲ್ಲಿ ಮುದುಕರನ್ನು ಇಡುವ ಮನೆಯಲ್ಲಿ, ಎಂದು ಮಗಳು ಹೇಳಿದಳು. ಅಣ್ಣ ತಮ್ಮ ಎಷ್ಟೋ ವರ್ಷ ತಮ್ಮ ಜನರ ಕೂಟಗಳಲ್ಲಿ ಇದೇ ಹಾಡು ಹಾಡಿದವರು. ಹೆಂಗಸಿನ ಪಾಲು ಅಣ್ಣನದ್ದು. ಈಗ ಅಣ್ಣನಿಗೆ ಮರೆವು ಹಿಡಿದು ತಮ್ಮನ ಗುರುತೂ ಇರಲಿಲ್ಲ. ತಮ್ಮ ಹೋಗಿ ಒಬ್ಬನೇ ಹಾಡಿದ್ದಕ್ಕೆ ಅಣ್ಣ ಗೋಡೆ ನೋಡಿದನಂತೆ. ಹೆಂಗಸಿನ ಸಾಲು ಕಿವಿಗೆ ಬಿದ್ದರೆ ಬಾಯಿ ತೆರೆದಾನು, ಒಂದು ಸಲ ತನ್ನ ಜೊತೆ ಹಾಡಿಯಾನು ಎಂದು ಇವನ ಆಸೆ. ಅದಕ್ಕೆ ನಮ್ಮವರು.

ಆದರೆ ನಮ್ಮವರಿಗೆ ಒಂದು ಚಾಳಿ. ಭಜನೆಯಲ್ಲಿ ಹೇಳಿಕೊಡುವವ ಒಂದು ಸಾಲು ಹೇಳಿದರೆ ಉಳಿದವರು ಅದನ್ನೇ ತಿರುಗಿ ಹೇಳಬೇಕು. ಜಪಾನಿ ಹಾಡು ಹಾಗಲ್ಲ. ಅವನು ಒಂದು ಹೇಳಿದರೆ ಇವರು ಬೇರೆಯದನ್ನು ಹೇಳಬೇಕು. ಮುದುಕ ಸಾಲು ಮುಗಿಸುವುದೇ ತಡ, ನಮ್ಮವರು ಅದನ್ನೇ ಎತ್ತಿಕೊಳ್ಳುತ್ತಿದ್ದರು. "ನೋ, ನೋ" ಎನ್ನುವುದು ನನ್ನ ಅಡುಗೆಮನೆಯವರೆಗೆ ಕೇಳುತ್ತಿತ್ತು. ಕೊನೆಗೆ ಮುದುಕ ಪಕ್ಕದಲ್ಲಿ ಕುಳಿತು, ಇವರ ಸರದಿ ಬಂದಾಗ ಮೊಣಕಾಲಿಗೆ ತಟ್ಟತೊಡಗಿದ. ಆಮೇಲೆ ಸರಿಯಾಯಿತು.

ಒಂದು ಭಾನುವಾರ ಮಗಳು ನಮ್ಮನ್ನೆಲ್ಲ ಕೂರಿಸಿಕೊಂಡು, ಹಾಡಿನ ಪೆಟ್ಟಿಗೆಯನ್ನು ಹಿಂದೆ ಇಟ್ಟುಕೊಂಡು ಸ್ಯಾನ್ ಡಿಯೇಗೋಗೆ ಡ್ರೈವ್ ಮಾಡಿದಳು. ಬಲಗಡೆ ಸಮುದ್ರ ಬಂದರೂ ನಮ್ಮವರು ತಲೆ ಎತ್ತಲಿಲ್ಲ, ಹೆಂಗಸಿನ ಸಾಲು ಗುನುಗುತ್ತಲೇ ಇದ್ದರು.

ಅಣ್ಣ ಗಾಲಿ ಕುರ್ಚಿಯಲ್ಲಿದ್ದ. ತಲೆ ಬಾಚಿ, ಕೋಟು ಹಾಕಿಸಿದ್ದರು. ತಮ್ಮ ಅವನ ಎದುರು ಮೊಣಕಾಲೂರಿ ಕೈ ಹಿಡಿದ. ಅಣ್ಣ ಕೈ ಎಳೆದುಕೊಂಡು ಏನೋ ಕೇಳಿದ. ತಮ್ಮ ಅದನ್ನು ಇಂಗ್ಲಿಷಿನಲ್ಲಿ ಮಗಳಿಗೆ ಹೇಳಿದ, ಮಗಳು ನನ್ನ ಕಿವಿಯಲ್ಲಿ ಹೇಳಿದಳು.

"ಹುಲ್ಲು ಕಟ್ ಮಾಡೋಕೆ ಬಂದವನಾ ನೀನು, ಅಂತ ಕೇಳ್ತಿದಾರಮ್ಮ."

ಒಂದೇ ಹೊಟ್ಟೆಯಲ್ಲಿ ಹುಟ್ಟಿದವ. ತಮ್ಮ ಮಾತ್ರ ಎದ್ದು, ಮೊಣಕಾಲು ಒರೆಸಿಕೊಂಡು, ಪೆಟ್ಟಿಗೆಗೆ ತಟ್ಟೆ ಹಾಕಿ, ಮೈಕು ತೆಗೆದುಕೊಂಡ.

ಅಲ್ಲಿ ಇಬ್ಬರೂ ನಿಂತು ಹಾಡಬೇಕಿತ್ತು. ನಿಂತವರ ಮೊಣಕಾಲಿಗೆ ಯಾರು ತಟ್ಟುತ್ತಾರೆ? ತಮ್ಮ ಮೊದಲ ಸಾಲು ಹಾಡಿದ. ನಮ್ಮವರು ಕಣ್ಣು ಮುಚ್ಚಿ, ಭಕ್ತಿಯಿಂದ, ಅದನ್ನೇ ತಿರುಗಿ ಹಾಡಿದರು. ತಮ್ಮನ ಮುಖ ಕೆಂಪಾಯಿತು. ಸಂಗೀತ ನಿಲ್ಲುವುದಿಲ್ಲವಲ್ಲ, ಎರಡನೇ ಸಾಲು ಹಾಡಿದ. ಇವರು ಅದನ್ನೂ ತಿರುಗಿ ಹೇಳಿದರು. ನಾನು ಸೆರಗು ಬಾಯಿಗೆ ಒತ್ತಿಕೊಂಡೆ. ಇಷ್ಟು ದೂರ ಬಂದು ಆ ಮನುಷ್ಯನ ಆಸೆಗೆ ಮಣ್ಣು ಹಾಕಿದರಲ್ಲ.

ಅಷ್ಟರಲ್ಲಿ ಕುರ್ಚಿಯ ಕೈಗೆ ಧಡ್ ಎಂದು ಗುದ್ದಿದ ಸದ್ದು. ಅಣ್ಣ ನಮ್ಮವರಿಗೆ ಏನೋ ಗದರಿದ. ಆಮೇಲೆ ತಾನೇ ಹೆಂಗಸಿನ ಸಾಲು ಎತ್ತಿದ. ಅಷ್ಟು ದೊಡ್ಡ ಮೈಯಿಂದ ಅಷ್ಟು ಸಣ್ಣ ದನಿ, ಸಾಲಿನ ಕೊನೆಗೆ ಒಡೆದು ನಡುಗಿ ನಿಂತಿತು. ನಮ್ಮವರು ಬಾಯಿ ಮುಚ್ಚಿ ಮೈಕನ್ನು ಅವನ ಮುಂದೆ ಹಿಡಿದರು. ತಮ್ಮ ಮೈಕು ಇಳಿಸಿ ಅಣ್ಣನನ್ನೇ ನೋಡುತ್ತ ನಿಂತ. ಅಣ್ಣ ಬೆರಳು ಆಡಿಸಿ, ನಿನ್ನ ಸರದಿ ಎಂದ. ಇಬ್ಬರೂ ಹಾಡು ಮುಗಿಸಿದರು, ಒಂದು ಮಾತೂ ತಪ್ಪಲಿಲ್ಲವಂತೆ.

ಮುಗಿದ ಮೇಲೆ ಅಣ್ಣ ನಮ್ಮವರತ್ತ ಕೈ ತೋರಿಸಿ ಏನೋ ಅಂದ. ತಮ್ಮನತ್ತ ತಿರುಗಿ ಇನ್ನೇನೋ ಅಂದ. ತಮ್ಮ ಎರಡನ್ನೂ ಮಗಳಿಗೆ ಇಂಗ್ಲಿಷಿನಲ್ಲಿ ಹೇಳಿದ.

"ಎಂಥ ಹೇಳಿದ್ದು ಮಗಾ?"

"ಈ ಮನುಷ್ಯನಿಗೆ ಹಾಡು ಗೊತ್ತಿಲ್ಲ, ಇನ್ನೊಂದ್ಸಲ ಕರ್ಕೊಂಡು ಬರಬೇಡ ಅಂದ್ರು."

"ತಮ್ಮನಿಗೆ?"

"ನೀನು ಚೆನ್ನಾಗಿ ಹಾಡ್ತೀಯ. ನನ್ನ ತಮ್ಮನ ಹಾಗೇನೇ ಹಾಡ್ತೀಯ, ಅಂದ್ರು."

ವಾಪಸು ಹೊರಟು, ಮನೆ ಹತ್ತಿರ ಬಂದಾಗ ಮುದುಕ ಮಗಳಿಗೆ ಏನೋ ಹೇಳಿದ. ಮುಂದಿನ ಸಲವೂ ಅಪ್ಪ ಹಾಗೆಯೇ ತಪ್ಪು ಹಾಡಬೇಕಂತೆ.

"ಬೇಕೆಂದೇ ತಪ್ಪುವುದಾ? ಕಲಿತದ್ದಕ್ಕೆ ಮರ್ಯಾದೆ ಬೇಡವಾ?" ಎಂದರು ನಮ್ಮವರು.

"ನೀವು ಕಷ್ಟಪಡುವುದು ಬೇಡ. ತಪ್ಪು ನಿಮಗೆ ತನ್ನಿಂತಾನೇ ಬರ್ತದೆ" ಎಂದೆ ನಾನು.

ಮುಂದಿನ ತಿಂಗಳು ಹೋದೆವು. ನಮ್ಮವರು ಎರಡು ಸಾಲು ಬೇಕೆಂದೇ ತಿರುಗಿ ಹೇಳಿದರು. ಅಣ್ಣ ಗೋಡೆ ನೋಡುತ್ತಿದ್ದ. ಮೂರನೆಯದನ್ನೂ ತಿರುಗಿ ಹೇಳಿದರು. ಅವನು ಬೈಯಲಿಲ್ಲ, ಕುರ್ಚಿಗೆ ಗುದ್ದಲಿಲ್ಲ, ಕಣ್ಣು ಸಹ ಆಡಿಸಲಿಲ್ಲ. ಹೋದ ತಿಂಗಳು ಗದರಿದ್ದು ಇದೇ ಮನುಷ್ಯನಾ ಎಂದು ನಾನು ಬಾಯಿ ತೆರೆದು ನಿಂತೆ. ತಮ್ಮ ನಾಲ್ಕನೇ ಸಾಲು ಹಾಡಿ ನಮ್ಮವರ ಮುಖ ನೋಡಿದ. ನಮ್ಮವರು ಅಣ್ಣನನ್ನು ಒಮ್ಮೆ ನೋಡಿ, ಕತ್ತು ಓರೆ ಮಾಡಿ, ಹೆಂಗಸಿನ ಸಾಲನ್ನು ಸರಿಯಾಗಿ ಹಾಡಿದರು. ಹಾಡನ್ನು ಅರ್ಧಕ್ಕೆ ಬಿಟ್ಟು ಬರಲಿಕ್ಕೆ ಆಗುವುದಿಲ್ಲವಲ್ಲ.