ಸೋಪಿನ ನೀರಿನ ಅಂಕಲ್

ನಾವಿದ್ದ ಪರದೇಶದ ರಿಕ್ಕರ್ಟನ್‌ನಲ್ಲಿ ನಮ್ಮ ಪಕ್ಕದ ಮನೆಯ ಅಂಕಲ್ ಹುಬ್ಬಳ್ಳಿ ಕಡೆಯವರು. ಏನೇ ಹೇಳಿದರೂ ಕೈ ಕೊಡವಿ, "ಏನೂ ಆಗಂಗಿಲ್ಲ ಬಿಡವಾ" ಅನ್ನುತ್ತಿದ್ದರು. ಆಂಟಿಯ ನರನೋವಿಗೆಂದು ಹಿತ್ತಲಿನ ಗಾಜಿನ ಮನೆಯಲ್ಲಿ ಕದ್ದುಮುಚ್ಚಿ ಮೂರು ಗಾಂಜಾ ಗಿಡ ಬೆಳೆಸಿದ್ದರು. ಅದರ ಎಣ್ಣೆ ಇದ್ದರಷ್ಟೇ ಆಂಟಿಗೆ ನಿದ್ದೆ.

ದೊಡ್ಡ ಗಿಡದ ಎಲೆ ಮುರುಟಿ ಹಳದಿ ಮಚ್ಚೆ ಬಿದ್ದಾಗ ನನ್ನನ್ನು ಕರೆದರು. ನಮ್ಮ ವಂಶದಲ್ಲಿ ಡಿಗ್ರಿ ಪಡೆದವಳು ನಾನೇ ಮೊದಲು, ಓದಿದ್ದೂ ಸಸ್ಯರೋಗವನ್ನೇ. ಎಲೆ ಮಗುಚಿದರೆ ಅಡಿಯಲ್ಲಿ ತುಂಬ ಸಸ್ಯಹೇನು.

"ಅಂಕಲ್, ಈ ಹೇನು ವೈರಸ್ ಹರಡುತ್ತೆ. ವೈರಸ್ಸಿಗೆ ಔಷಧಿ ಇಲ್ಲ. ಇದನ್ನ ಈಗಲೇ ಕಿತ್ತರೆ ಉಳಿದೆರಡು ಉಳೀಬಹುದು."

"ಇಷ್ಟು ಓದ್ಸಿ ಬರೇ ಕೀಳೂದಷ್ಟ ಕಲಿಸ್ಯಾರೇನು ನಿನಗ?" ಎಂದು ನಕ್ಕರು. ಹೆಚ್ಚು ಎಣ್ಣೆ ಬರುತ್ತಿದ್ದದ್ದು ಆ ಗಿಡದಿಂದಲೇ. ಸೋಪಿನ ನೀರಲ್ಲಿ ಬಟ್ಟೆ ಅದ್ದಿ, ಕೂಸಿನ ಮುಖ ಒರೆಸಿದಂತೆ ಒಂದೊಂದೇ ಎಲೆ ಒರೆಸಿದರು. ಹೇನು ಸತ್ತವು. ರೋಗ ಅಷ್ಟರಲ್ಲಿ ಉಳಿದೆರಡಕ್ಕೂ ದಾಟಿತ್ತು.

ಮೂರನ್ನೂ ಕಿತ್ತ ದಿನ ನಾನೂ ಜೊತೆಗಿದ್ದೆ. ಅಂಕಲ್ ಮಣ್ಣುಗೈಯಲ್ಲೇ ಒಳಗೆ ಹೋಗಿ, ನರಳುತ್ತಿದ್ದ ಆಂಟಿಯ ಮಂಚದ ಬಳಿ ನಿಂತರು.

"ಏನೂ ಆಗಂಗಿಲ್ಲ ಬಿಡ."

ಆಂಟಿ ಗೋಡೆಯ ಕಡೆ ಮುಖ ತಿರುಗಿಸಿದರು.

"ಹೌದು, ನಿಮಗ ಏನೂ ಆಗಂಗಿಲ್ಲ ಬಿಡ್ರಿ."