ಕುರಿ ನಿಂತರೆ ನಿಲ್ಲುವ ಕಾಲು

ಅಂದು ವೈದ್ಯರ ದಾರಿ ತಪ್ಪಿಸಿದ್ದು ಚಿಕ್ಕಪ್ಪನ ಮಾತೋ ನನ್ನ ತಲೆಯಾಡಿಸುವಿಕೆಯೋ, ಈಗ ಹೇಳಲಾರೆ. ಆ ಕ್ಲಿನಿಕ್ ಸೊರಬದ್ದೋ ಆನವಟ್ಟಿಯದ್ದೋ ಎಂಬುದೂ ಕಲಸಿಹೋಗಿದೆ. ಸಾಕ್ಷ್ಯವಿಲ್ಲದೆ ಏನನ್ನೂ ನಂಬಬಾರದೆಂದು ವಿಶ್ವವಿದ್ಯಾಲಯದಲ್ಲಿ ಕಲಿತವನಿಗೆ ತನ್ನ ನೆನಪೇ ಕೈಕೊಟ್ಟರೆ ಮೈಯೆಲ್ಲ ಉರಿಯುತ್ತದೆ.

ಚಿಕ್ಕಪ್ಪ ಶಿಕಾರಿಪುರದ ಕಡೆ ಕುರಿ ಕಾಯುವವನು. ಎಡಗಾಲಿನ ಹೆಬ್ಬೆರಳ ಗಾಯ ಮಾಯುತ್ತಿರಲಿಲ್ಲ, ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಒಬ್ಬರು ಸಕ್ಕರೆ ಕಾಯಿಲೆ ಎಂದರು. ರಕ್ತಪರೀಕ್ಷೆಯಲ್ಲಿ ಅದು ಸಿಗಲಿಲ್ಲ. ಇನ್ನೊಬ್ಬರು ಸೊಂಟದ ನರ ಎಂದರು. ಚಿಕ್ಕಮ್ಮ ಬಿಸಿ ಇಟ್ಟಿಗೆಯ ಶಾಖ ಕೊಟ್ಟಳು. ತಣ್ಣಗಿದ್ದ ಪಾದದಲ್ಲಿ ಬೊಬ್ಬೆ ಎದ್ದವು. ಎಲ್ಲರೂ ಸೊಂಟದ ಎಕ್ಸ್‌ರೇ ಬೆಳಕಿಗೆ ಹಿಡಿದವರೇ. ಪಾದ ಮುಟ್ಟಿ ನೋಡಿದವರಿಲ್ಲ.

"ಎಷ್ಟು ದೂರ ನಡೆದ್ರೆ ನೋವು ಬರುತ್ತೆ, ಯಜಮಾನ್ರೇ?" ಸೊರಬದ್ದೋ ಆನವಟ್ಟಿಯದ್ದೋ, ಆ ಕ್ಲಿನಿಕ್ಕಿನ ವೈದ್ಯರು ಕೇಳಿದರು.

"ದಿನವಿಡೀ ಕುರಿ ಹಿಂದೆ ಅಡ್ಡಾಡ್ತೀನ್ರಿ," ಎಂದ ಚಿಕ್ಕಪ್ಪ.

"ನಡುವೆ ನಿಲ್ಲಲ್ವಾ?"

"ನಾ ಯಾಕ್ರಿ ನಿಲ್ಲಲಿ? ಕುರಿ ನಿಂತ್ರೆ ನಿಲ್ತೀನಿ."

"ಬೀಡಿ ಹಚ್ಚಾಕ ನಿಲ್ಲೂದು ಹೇಳ್ರೀ!" ಎಂದಳು ಚಿಕ್ಕಮ್ಮ.

"ನೀ ಸುಮ್ನಿರು ಮಾರಾಯ್ತಿ."

ಚಿಕ್ಕಪ್ಪ ಹೇಳಿದ್ದೇ ಸರಿ ಎಂಬಂತೆ ನಾನು ತಲೆಯಾಡಿಸಿದೆ. ವೈದ್ಯರು ನಕ್ಕು ನೋವಿನ ಮಾತ್ರೆ ಬರೆದರು.

ಬೆರಳು ಕಪ್ಪಾದ ಮೇಲೆ ಶಿವಮೊಗ್ಗಕ್ಕೆ ಓಡಿದೆವು. ಅಲ್ಲಿನ ವೈದ್ಯೆ ಪಾದದ ಮೇಲೆ ಬೆರಳಿಟ್ಟು ನಾಡಿ ಹುಡುಕಿದರು; ಸಿಗಲಿಲ್ಲ. ಬಿ.ಪಿ. ನೋಡುವ ಪಟ್ಟಿಯನ್ನು ಮೊದಲು ತೋಳಿಗೆ, ಆಮೇಲೆ ಕಣಕಾಲಿಗೆ ಕಟ್ಟಿದರು. "ಕೈಯಲ್ಲಿರೋ ಒತ್ತಡದ ಅರ್ಧವೂ ಕಾಲಲ್ಲಿಲ್ಲ. ರಕ್ತನಾಳ ಕಟ್ಟಿಕೊಂಡಿದೆ. ಇಂಥವ್ರು ಸ್ವಲ್ಪ ನಡೆದ್ರೆ ನೋವಿಗೆ ನಿಲ್ತಾರೆ, ನಿಂತ್ರೆ ನೋವು ಇಳಿಯುತ್ತೆ. ಇನ್ನೂ ತಡವಾದ್ರೆ ಕಾಲನ್ನೇ ತೆಗೀಬೇಕಾಗುತ್ತೆ."

ನನಗೆ ಸಿಟ್ಟು ಬಂದದ್ದು ಆ ಪಟ್ಟಿಯ ಮೇಲೆ. ನಾವು ಅಲೆದ ಪ್ರತಿ ಕ್ಲಿನಿಕ್ಕಿನ ಮೇಜಿನ ಮೇಲೂ ಅದು ಬಿದ್ದಿತ್ತು. ತೋಳಿನಿಂದ ಕಾಲಿಗೆ ಇಳಿಸುವ ಯೋಚನೆ ಯಾರಿಗೂ ಬರಲಿಲ್ಲ, ಓದಿದವನೆನಿಸಿಕೊಂಡ ನನಗೂ.

ನಾಳದೊಳಗೆ ಬಲೂನು ಹಾಯಿಸಿ ದಾರಿ ಬಿಡಿಸಿದರು. ಹೆಬ್ಬೆರಳು ಹೋಯಿತು, ಕಾಲು ಉಳಿಯಿತು. ಬೀಡಿ ಬಿಡಬೇಕು, ದಿನಾ ನಡೆಯಬೇಕು ಎಂದು ಕಳಿಸಿದರು. ಬೀಡಿ ಬಿಡಿಸಿದ್ದಕ್ಕೆ ಚಿಕ್ಕಪ್ಪ ಇವತ್ತಿಗೂ ನನ್ನನ್ನೇ ಬೈಯುತ್ತಾನೆ.

"ಕುರಿ ನಿಂತ್ರೆ ನಿಲ್ತಿದ್ದೆ, ಅಷ್ಟೇ" ಎಂಬ ಹಟವನ್ನು ಮಾತ್ರ ಬಿಟ್ಟಿಲ್ಲ. ಅದು ನನ್ನ ತಲೆ ಕೊರೆಯುತ್ತಿತ್ತು. ಒಂದು ಬೆಳಿಗ್ಗೆ ಅವನ ಜೊತೆ ಹೊರಟೆ. ಅವನು ಕೋಲು ಕುಟ್ಟುತ್ತಾ ನಡೆದ. ಹಿಂದೆ ದಿನಾ ಹಿಂಡು ನಿಲ್ಲುತ್ತಿತ್ತೆಂದು ಅವನೇ ತೋರಿಸಿದ ದಿಣ್ಣೆಯನ್ನು ಕುರಿಗಳು ತಲೆಯೆತ್ತದೆ ದಾಟಿದವು. ಮುಂದೆ, ಹುಲ್ಲೇ ಇಲ್ಲದ ಕಡೆ, ಅವನ ತೋಳು ಹಿಡಿದು ನಿಲ್ಲಿಸಿದೆ. ಕೋಲಿನ ಸದ್ದು ನಿಂತಿತು. ಮುಂದಿದ್ದ ಕುರಿ ತಿರುಗಿ ನೋಡಿತು, ಹಿಂಡು ನಿಂತಿತು.